ಬೋರ್ಡಿನ ಮೇಲೆ ಕರಿಯನ ಹೆಸರು

ಅದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ನಾನು ಚಿಕ್ಕವನಿದ್ದಾಗ, ನಮ್ಮ ಮನೆಯ ಹುಡುಗನ ಹೆಸರು ಶಾಲೆಯ ಬೋರ್ಡಿನ ಮೇಲೆ ಬರುವುದುಂಟೇ ಎಂದು ಜಗಲಿಯ ಮೇಲೆ ಕುಳಿತು ಬೀದಿಗೆಲ್ಲ ಕೇಳಿಸುವಂತೆ ನಕ್ಕಿದ್ದರು. "ಓದೋರ ಮನೆ ಬೇರೆ, ಕಾಯಿ ಸುಲಿಯೋರ ಮನೆ ಬೇರೆ ಕಣ್ಲಾ. ನಮ್ಮ ಹೆಸ್ರು ಅಲ್ಲಿ ಬರಾಕಿಲ್ಲ." ನನಗಾಗ ಹತ್ತು ವರ್ಷ. ಅವತ್ತು ಅವ್ವ ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದೆ.

ಮಕ್ಕಳೇ, ಆ ಬೋರ್ಡು ಏನೆಂದು ಮೊದಲು ಹೇಳುತ್ತೇನೆ. ನಮ್ಮೂರು ಬಾಣಾವರದಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿತ್ತು. ಶಾಲೆಗೆ ಎರಡು ಕೋಣೆ, ಒಂದು ಪಡಸಾಲೆ. ಹೆಡ್ ಮೇಷ್ಟ್ರು ಹಳೇಬೀಡಿನ ಕಡೆಯವರು. ಪಡಸಾಲೆಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ, ಅದರ ನೆತ್ತಿಗೆ ಬಿಳಿ ಬಣ್ಣದಲ್ಲಿ 'ಈ ದಿನ' ಎಂದು ಬರೆಸಿದ್ದರು. ಕೆಳಗೆ ಮೂರು ಸಾಲುಗಳು: ನಡೆದದ್ದು, ಹುಟ್ಟಿದವರು, ತೀರಿಕೊಂಡವರು. ಎಂದೋ ಯಾವುದೋ ದೇಶದಲ್ಲಿ ಇದೇ ತಾರೀಖಿಗೆ ನಡೆದ ಯುದ್ಧ, ಹುಟ್ಟಿದ ವಿಜ್ಞಾನಿ, ತೀರಿಕೊಂಡ ದೊರೆ, ಎಲ್ಲರೂ ಬೆಳಿಗ್ಗೆ ನಮ್ಮೂರಿಗೆ ಬಂದು ಆ ಹಲಗೆಯ ಮೇಲೆ ಕೂರುತ್ತಿದ್ದರು. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋದರು. ಆ ಒದ್ದೆ ಸೀಮೆಸುಣ್ಣದ ವಾಸನೆ ನನಗೆ ಇವತ್ತಿಗೂ ಬಹಳ ಇಷ್ಟ.

ಶಾಲೆಯ ಯಾವ ಮಗು ಆ ದಿನ ಹುಟ್ಟಿರುತ್ತದೋ ಅದೇ ಬೋರ್ಡು ಬರೆಯಬೇಕು, ಪ್ರಾರ್ಥನೆಯಾದ ಮೇಲೆ ಗಟ್ಟಿಯಾಗಿ ಓದಬೇಕು. 'ಹುಟ್ಟಿದವರು' ಸಾಲಿನ ಕೊನೆಗೆ ಅದರ ಹೆಸರು. ಓದಿದ ಮೇಲೆ ಮೇಷ್ಟ್ರು ಶಾಲೆಯ ಮೊಹರು ಒತ್ತಿದ ಒಂದು ಸರ್ಟಿಫಿಕೇಟನ್ನು ಮನೆಯ ಹಿರಿಯರ ಕೈಗೆ ಕೊಡುತ್ತಿದ್ದರು. ಶಾನುಭೋಗರ ಮೊಮ್ಮಗ ಓದಿದ್ದ, ಅಂಗಡಿಯವರ ಮಗಳು ಓದಿದ್ದಳು. ನಮಗೆ ಮಾತ್ರ ಸರದಿ ಬರುತ್ತಿರಲಿಲ್ಲ. ಏಕೆಂದರೆ ನಾವು ಜೂನ್ ಒಂದರವರು.

ಶಾಲೆಗೆ ಸೇರಿಸುವಾಗ, ಮಗು ಹುಟ್ಟಿದ್ದು ಯಾವತ್ತು ಎಂದರೆ ನಮ್ಮ ಮನೆಗಳವರು ಹೇಳುತ್ತಿದ್ದದ್ದು ಹೀಗೆ: ಎತ್ತಿನ ಜಾತ್ರೆ ಮುಗಿದ ವಾರ, ಇಲ್ಲವೇ ಆರಿದ್ರೆ ಮಳೆ ಹಿಡಿದಾಗ. ಅದನ್ನು ದಾಖಲೆಯಲ್ಲಿ ಬರೆಯುವುದು ಹೇಗೆ? ಹಿಂದಿದ್ದ ಮೇಷ್ಟ್ರು ಎಲ್ಲರಿಗೂ ಜೂನ್ ಒಂದು ಎಂದು ಹಾಕಿದ್ದರು. ಹಾಗಾಗಿ ಜೂನ್ ಒಂದರ ಬೋರ್ಡಿನಲ್ಲಿ ಹೆಸರುಗಳಿಗೆ ಜಾಗ ಸಾಲದೆ, 'ಮತ್ತು ನಮ್ಮ ಶಾಲೆಯ ಅರ್ಧ ಮಕ್ಕಳು' ಎಂದಿರುತ್ತಿತ್ತು. ನನಗೆ ಆ ಅರ್ಧದಲ್ಲಿ ಒಬ್ಬನಾಗಿ ಸಾಕಾಗಿತ್ತು. ನನ್ನದೇ ಒಂದು ದಿನ ಬೇಕಿತ್ತು.

ಧೈರ್ಯ ಮಾಡಿ ಮೇಷ್ಟ್ರ ಮುಂದೆ ನಿಂತೆ. ನಾನು ಹುಟ್ಟಿದ್ದು ಜೂನ್ ಒಂದಕ್ಕಲ್ಲ, ದೀಪಾವಳಿಯ ಎಣ್ಣೆನೀರಿನ ದಿನ ಎಂದೆ. ಅವ್ವ ಹಾಗೆಂದೇ ಹೇಳುತ್ತಿದ್ದಳು. ಹಬ್ಬ ವರ್ಷವರ್ಷ ಜಾಗ ಬದಲಿಸುತ್ತದಲ್ಲಪ್ಪ, ತಾರೀಖು ನಿಂತಲ್ಲೇ ನಿಂತಿರುತ್ತದೆ ಎಂದರು ಮೇಷ್ಟ್ರು. ಆಮೇಲೆ ನನ್ನ ಮುಖ ನೋಡಿ, ಅದೇ ದಿನ ಲೋಕದಲ್ಲಿ ಇನ್ನೇನಾದರೂ ನಡೆದಿತ್ತೇ ಕೇಳಿಕೊಂಡು ಬಾ, ಹಿಡಿಯೋಣ ಎಂದರು.

ಅವ್ವನನ್ನು ಕೇಳಿದೆ. ಹೆರುವವಳಿಗೆ ಲೋಕದ ಸುದ್ದಿ ಎಲ್ಲಿಂದ ಬರಬೇಕು ಎಂದು ನಕ್ಕಳು. ಅಪ್ಪನಿಗೆ ನೆನಪಿದ್ದದ್ದು ತೋಟದಲ್ಲಿ ಕಾಯಿ ಕೀಳಿಸಿದ್ದು ಮಾತ್ರ. ಅಕ್ಕ ಆಗ ಎರಡು ವರ್ಷದವಳು. ಉಳಿದವರು ದೊಡ್ಡಪ್ಪ. ನಕ್ಕವರನ್ನೇ ಕೇಳಬೇಕಾಗಿ ಬಂತು.

ದೊಡ್ಡಪ್ಪ ಅಟ್ಟದ ಮೇಲಿದ್ದರು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ವರ್ಷದ ತನಕ ಅಟ್ಟದಲ್ಲಿ ಹಾಕಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅವರು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನೀರಿನ ಸದ್ದು ಬಂದರೆ ಆ ಕಡೆ, ಗಡಗಡ ಎಂದರೆ ಈ ಕಡೆ. ಅಟ್ಟದ ತುಂಬ ಹೊಗೆ, ಎಣ್ಣೆ, ಧೂಳು ಬೆರೆತ ಬಿಸಿ ವಾಸನೆ. ಈ ಕಡೆಯ ಕಾಯಿಗಳನ್ನು ರಾಶಿಗೆ ಸೇರಿಸುತ್ತ, ಅವರ ಮುಖ ನೋಡದೆ ಕೇಳಿದೆ.

ಅವರ ಕೈಯಲ್ಲಿದ್ದ ಕಾಯಿ ಕಿವಿಯ ಹತ್ತಿರವೇ ನಿಂತಿತು.

"ನಿನ್ನ ದಿನ ನಂಗೊತ್ತಿಲ್ದೆ ಇನ್ಯಾರಿಗ್ಲಾ ಗೊತ್ತು," ಎಂದರು. "ಅವತ್ತೇ ಅಲ್ವಾ ನಮ್ಮ ಕರಿಯ ಹೋಗಿದ್ದು."

ಕರಿಯ ಎಂದರೆ ನಮ್ಮ ಜೋಡಿ ಎತ್ತುಗಳಲ್ಲಿ ವಯಸ್ಸಾದದ್ದು. ಅದನ್ನು ನಾನು ನೋಡಿರಲಿಲ್ಲ, ಅದರ ಗೂಟವನ್ನು ನೋಡಿದ್ದೆ. ಪ್ರತಿವರ್ಷ ಎಣ್ಣೆನೀರಿನ ಬೆಳಿಗ್ಗೆ ದೊಡ್ಡಪ್ಪ ಕೊಟ್ಟಿಗೆಗೆ ಹೋಗಿ ಆ ಖಾಲಿ ಗೂಟಕ್ಕೆ ಒಂದು ಬೊಟ್ಟು ಎಣ್ಣೆ ಹಚ್ಚಿ ಬರುತ್ತಿದ್ದರು. ಏಕೆಂದು ಕೇಳಿದವರಿಲ್ಲ. ಕಾಯಿಗಳ ನಡುವೆ ಕುಳಿತು ಅವತ್ತು ಅವರು ಹೇಳಿದರು.

ಅವ್ವನಿಗೆ ಬೆಳಗಿನ ಜಾವ ನೋವು ಬಂದಾಗ, ಸೂಲಗಿತ್ತಿಯನ್ನು ಕರೆತರಲು ಬಾಣಾವರಕ್ಕೆ ಗಾಡಿ ಕಟ್ಟಿಕೊಂಡು ಹೋದವರು ಅವರು. ಬಾಣಾವರದ ಬೀದಿಯಲ್ಲಿ ಮೆರವಣಿಗೆ ಬರುತ್ತಿತ್ತು. ಮಾವಿನ ತೋರಣ, ವಾಲಗ, ಬಾವುಟ ಹಿಡಿದ ಮಕ್ಕಳು. ಏನು ವಿಶೇಷ ಎಂದು ಕೇಳಿದರೆ ಯಾರೋ ಇವರ ಕೈಗೆ ಒಂದು ಅಚ್ಚು ಬೆಲ್ಲ ಇಟ್ಟು, ಕನ್ನಡ ಮಾತಾಡುವ ಸೀಮೆಯೆಲ್ಲ ಇವತ್ತಿನಿಂದ ಒಂದೇ ರಾಜ್ಯ ಎಂದರಂತೆ.

"ನಿಂತು ನೋಡ್ಬಿಟ್ಟೆ ಕಣ್ಲಾ, ಮೆರವಣಿಗೆ ಮುಗಿಯೋಗಂಟ. ಆಮೇಲೆ ಹೊತ್ತಾಯ್ತಲ್ಲ ಅಂತ ಕರಿಯನ್ನ ಓಡಿಸ್ದೆ."

ಸೂಲಗಿತ್ತಿ ಸಮಯಕ್ಕೆ ಬಂದಳು. ಮಧ್ಯಾಹ್ನ ನಾನು ಹುಟ್ಟಿದೆ. ನೊಗ ಇಳಿಸಿದ ಕರಿಯ ನೀರಿನ ಬಾನಿಯ ಪಕ್ಕ ಮಲಗಿದ್ದು ಮತ್ತೆ ಏಳಲಿಲ್ಲ. ಮನೆಯವರೆಲ್ಲ ಒಳಗೆ ನನ್ನನ್ನು ನೋಡುತ್ತಿದ್ದಾಗ ದೊಡ್ಡಪ್ಪ ಒಬ್ಬರೇ ಕೊಟ್ಟಿಗೆಯಲ್ಲಿದ್ದರು.

ಮಾರನೆಯ ದಿನ ಮೇಷ್ಟ್ರಿಗೆ ಇದನ್ನೆಲ್ಲ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕನ್ನಡ ನಾಡು ಒಂದಾದ ದಿನ ಹುಡುಕಬೇಕಾದ ದಿನವಲ್ಲ. ನವೆಂಬರ್ ಒಂದು! ದಾಖಲೆಯ ಜೂನ್ ತಿದ್ದುವ ಅಧಿಕಾರ ನನಗಿಲ್ಲ, ಬೋರ್ಡು ಮಾತ್ರ ನನ್ನದು, ಆ ಮೆರವಣಿಗೆ ಕಂಡ ಹಿರಿಯರೇ ಬಂದು ಹೇಳಿದರೆ ಸಾಕು ಎಂದರು ಮೇಷ್ಟ್ರು. ಮನೆಗೆ ಬಂದು ಹೇಳಿದರೆ ದೊಡ್ಡಪ್ಪ ತಾವು ಬರುವುದಿಲ್ಲ ಎಂದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಅವರು, ಈ ವಯಸ್ಸಿನಲ್ಲಿ ಯಾಕೆ ಎಂದರು. ಅಪ್ಪ ಎಷ್ಟು ಹೇಳಿದರೂ ಎದ್ದು ತೋಟಕ್ಕೆ ಹೋಗಿಬಿಟ್ಟರು.

ಆ ವರ್ಷ ನವೆಂಬರ್ ಒಂದಕ್ಕೆ ದೀಪಾವಳಿ ಇನ್ನೂ ಬಂದಿರಲಿಲ್ಲ. ಆದರೂ ಅವ್ವ ಕತ್ತಲಿರುವಾಗಲೇ ಹಂಡೆಗೆ ಒಲೆ ಹಚ್ಚಿ, ನನ್ನೊಬ್ಬನಿಗೇ ಎಣ್ಣೆ ತಿಕ್ಕಿ ನೀರು ಹಾಕಿದಳು. ಸೀಗೆಪುಡಿ ಕಣ್ಣಿಗೆ ಬಿದ್ದು ಉರಿಯುತ್ತಿತ್ತು. ಪಕ್ಕದ ಮನೆಯವರು ಹೊಗೆ ನೋಡಿ, "ಏನವ್ವ, ನಿಮ್ಮನೇಲಿ ಹಬ್ಬ ಮುಂಚೆನೇ ಬಂದ್ಬುಡ್ತಾ?" ಎಂದು ಕೇಳಿದರು. "ನಮ್ಮುಡುಗಂದು ತಾರೀಖು ಕಣಕ್ಕ," ಎಂದಳು ಅವ್ವ. ತಾರೀಖು ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ರಾಜ್ಯೋತ್ಸವಕ್ಕೆ ಶಾಲೆಯ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಇನ್ನೂ ಬಂದಿರಲಿಲ್ಲ, ಮೈಸೂರು ರಾಜ್ಯ ಎನ್ನುತ್ತಿದ್ದೆವು. ಮೇಷ್ಟ್ರು ಹೇಳಿದಂತೆ ನಾನು ಬರೆಯುತ್ತ ಹೋದೆ. ನಡೆದದ್ದು: ಕನ್ನಡ ನಾಡು ಒಂದಾಯಿತು. ಅದೇ ದಿನ ಕೇರಳ ರಾಜ್ಯವಾಯಿತು. ಅದಕ್ಕೂ ಮೊದಲೊಮ್ಮೆ ಇದೇ ತಾರೀಖಿಗೆ ಫ್ರೆಂಚರು ಪಾಂಡಿಚೇರಿಯನ್ನು ಬಿಟ್ಟುಕೊಟ್ಟಿದ್ದರು. 'ಹುಟ್ಟಿದವರು' ಸಾಲಿಗೆ ಬಂದಾಗ ಮೇಷ್ಟ್ರು ಅಂಗಳದ ಕಡೆ ನೋಡಿದರು. ಹಿರಿಯರು ಬಂದಿರಲಿಲ್ಲ. ನನ್ನ ಬೆರಳ ಬೆವರಿಗೆ ಸೀಮೆಸುಣ್ಣ ಮೆತ್ತಗಾಗುತ್ತಿತ್ತು.

ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಅಕ್ಕ ನನ್ನ ಅಂಗಿ ಜಗ್ಗಿದಳು. ಹೊಂಗೆಮರದ ಕೆಳಗೆ ದೊಡ್ಡಪ್ಪ ನಿಂತಿದ್ದರು. ಮದುವೆ ಮನೆಗೆ ಸುತ್ತುವ ರುಮಾಲು ಸುತ್ತಿದ್ದರು. ಚಪ್ಪಲಿ ಬಿಟ್ಟು, ದೇವಸ್ಥಾನದ ಮೆಟ್ಟಿಲು ಹತ್ತುವವರಂತೆ ಬಲಗಾಲು ಮುಂದಿಟ್ಟು ಪಡಸಾಲೆಗೆ ಬಂದರು.

"ಇವನು ಅವತ್ತೇ ಹುಟ್ಟಿದ್ದು ನಿಜ ಸ್ವಾಮಿ," ಎಂದರು. ಮೇಷ್ಟ್ರು ನನ್ನ ಕಡೆ ತಲೆಯಾಡಿಸಿದರು. ನನ್ನ ಹೆಸರನ್ನು ನಾನೇ ಬರೆದೆ. ಸಾಲು ಸ್ವಲ್ಪ ಮೇಲಕ್ಕೆ ಓಡಿತು.

ದೊಡ್ಡಪ್ಪ ಹೋಗಲಿಲ್ಲ. ರುಮಾಲು ಸರಿ ಮಾಡಿಕೊಳ್ಳುತ್ತ ಹಲಗೆಯನ್ನೇ ನೋಡುತ್ತಿದ್ದರು. ಮೂರನೆಯ ಸಾಲು ಯಾರದ್ದು ಎಂದು ಕೇಳಿದರು. ಈ ದಿನ ತೀರಿಕೊಂಡವರದ್ದು ಎಂದರು ಮೇಷ್ಟ್ರು.

"ಹಂಗಾದ್ರೆ ನಮ್ಮ ಕರಿಯಂದೂ ಬರಿಬೋದಾ? ಎತ್ತು ಸ್ವಾಮಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಆ ಕಡೆ ಒಮ್ಮೆ ನೋಡಿದರು, ಸದ್ದಡಗಿತು. ದೊರೆಗಳ ಹೆಸರನ್ನು ದಿನಾ ಬರೆಯುತ್ತೇವೆ, ದುಡಿದು ಸತ್ತವರದ್ದನ್ನು ಒಂದು ದಿನ ಬರೆದರೆ ಹಲಗೆಗೇನೂ ಭಾರವಾಗದು ಎಂದು ಸೀಮೆಸುಣ್ಣವನ್ನು ನನಗೇ ಕೊಟ್ಟರು. ನಾನು ಬರೆದೆ: ಕರಿಯ, ಗಾಡಿಯ ಎತ್ತು. ಆಮೇಲೆ ನಾಡಿನಿಂದ ಹಿಡಿದು ಕರಿಯನ ತನಕ ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಧ್ವನಿ ಒಂದು ಕಡೆ ನಡುಗಿತು. ಅದು ನನ್ನ ಹೆಸರಿನ ಹತ್ತಿರವಲ್ಲ.

ಈಗ ಅರಸೀಕೆರೆಯ ನಮ್ಮ ಮನೆಯಲ್ಲಿ ನೀವು ಫೋನಿನ ಮೇಲೆ ಬೆರಳಿಟ್ಟರೆ ಯಾವ ದಿನ ಯಾರು ಹುಟ್ಟಿದರು, ಯಾರು ಹೋದರು ಎಂಬುದೆಲ್ಲ ಗಳಿಗೆಯಲ್ಲಿ ಬರುತ್ತದೆ. ಹುಟ್ಟಿದ ದಿನ ಮಾತ್ರವಲ್ಲ, ಹುಟ್ಟಿದ ನಿಮಿಷವೂ ನಿಮಗೆ ಗೊತ್ತು. ಕೇಕು ಬರುತ್ತದೆ, ಫೋಟೋ ಬರುತ್ತದೆ. ನನಗೆ ಅದನ್ನು ನೋಡಲು ಸಂತೋಷವೇ. ಹೋದ ವರ್ಷ, ನನ್ನ ಬಾಯಲ್ಲಿ ಕರಿಯನ ಮಾತು ಕೇಳಿದ್ದ ಮೊಮ್ಮಗಳು ನವೆಂಬರ್ ಒಂದರ ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸಿ ಸರಿಸಿ ನೋಡಿ, "ತಾತ, ಎಷ್ಟೊಂದು ಜನ ಇದ್ದಾರೆ, ಕರಿಯ ಇಲ್ವಲ್ಲ," ಎಂದಳು. ಅದಕ್ಕೇ ಇದನ್ನು ಬರೆದೆ.

ಮುಂದೆ ನಾನು ಬಿ.ಎ. ಪಾಸು ಮಾಡಿದೆ. ನಮ್ಮ ವಂಶದಲ್ಲಿ ನಾನೇ ಮೊದಲಿಗ. ಬಾಣಾವರದ ಸ್ಟೇಷನ್ನಿಗೆ ನಡೆದು, ರೈಲು ಹಿಡಿದು, ಹಸಿದು ಓದಿದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಪದವಿಯ ಪತ್ರ ಗೋಡೆಯ ಮೇಲಿದೆ, ನೀವೆಲ್ಲ ನೋಡಿದ್ದೀರಿ. ಅದರ ಪಕ್ಕದ ಸಣ್ಣ ಚೌಕಟ್ಟಿನಲ್ಲಿರುವ, ಅಂಚು ಹಳದಿಯಾದ ಹಾಳೆ ಅವತ್ತಿನದು.

ಓದಿ ಮುಗಿಸಿದ ಮೇಲೆ ಮೇಷ್ಟ್ರು ಅದಕ್ಕೆ ಮೊಹರು ಒತ್ತಿ ದೊಡ್ಡಪ್ಪನ ಕಡೆ ಚಾಚಿದರು. ಅವರು ಕೈಗಳನ್ನು ಪಂಚೆಗೆ ಒರೆಸಿಕೊಂಡು, ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಅಕ್ಷರ ಬಾರದ ಕಣ್ಣು ಹಾಳೆಯ ಮೇಲೆ ಬಹಳ ಹೊತ್ತು ಓಡಾಡಿತು. ಕರಿಯನ ಹೆಸರು ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು. ಇದರಲ್ಲಿ ಇಲ್ಲ ದೊಡ್ಡಪ್ಪ, ನನ್ನದು ಮಾತ್ರ ಎಂದು ನನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

ದೊಡ್ಡಪ್ಪ ಅಲ್ಲೇ ತಮ್ಮ ಹೆಬ್ಬೆರಳು ಇಟ್ಟರು.

"ಇರ್ಲಿ ಬುಡು," ಎಂದರು. "ಅವನು ಅವತ್ತು ಎಳ್ಕಂಡು ಬಂದಿದ್ದು ಇದನ್ನೇ ಕಣ್ಲಾ."