ಮಗ್ಗದ ಕುಣಿಗೆ ಇಳಿದ ಸುಮನಬಾಯಿ

ರಾಜೇಶ್ವರದ ಕುರಿಗಾರರ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎರಡು ಗೂಟಗಳ ನಡುವೆ ಓಣಿಯುದ್ದಕ್ಕೂ ಕರಿಯ ಉಣ್ಣೆಯ ಹಾಸು, ಅಂದರೆ ಕಂಬಳಿಯ ಉದ್ದನೆಯ ಎಳೆಗಳು, ಬಿಗಿದಿದೆ. ಸುಮನಬಾಯಿ ಕೈಯಲ್ಲಿ ಕುಂಚ ಹಿಡಿದು, ಆ ತುದಿಯಿಂದ ಈ ತುದಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತ ಹೋಗುತ್ತಿದ್ದಾರೆ. ನಡೆಯುತ್ತಿದ್ದಾರೆ ಎಂದರೆ ತಪ್ಪಾದೀತು, ಓಡುತ್ತಿದ್ದಾರೆ. ಬಿಸಿಲೇರಿ ಗಾಳಿ ಎದ್ದರೆ ಹೆದ್ದಾರಿಯ ಧೂಳೆಲ್ಲ ಹಸಿ ನೂಲಿಗೆ ಮೆತ್ತಿಕೊಳ್ಳುತ್ತದೆ. ಅಷ್ಟರೊಳಗೆ ಎಳೆ ಎಳೆಯೂ ಗಂಜಿ ಕುಡಿದು ಗಟ್ಟಿಯಾಗಬೇಕು. ಮಗಳು ಅಮೃತ ಬೋಗುಣಿ ಹಿಡಿದು ತಾಯಿಯ ಹಿಂದೆ, ಅವರ ಕತೆ ಬರೆಯಲು ಬಂದ ನಾನು ಅಮೃತಳ ಹಿಂದೆ. ಒಂದು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಅವರು ಇನ್ನೊಂದು ತುದಿಯಲ್ಲಿರುತ್ತಾರೆ.

“ಕುಂತು ಮಾತಾಡೋಣಂದ್ರ ಆಗಂಗಿಲ್ರಿ. ನೀವೂ ಹಿಂದ ಬರ್ರಿ,” ಎನ್ನುತ್ತಾರೆ.

ಹಾಸು ಒಣಗುವ ಹೊತ್ತಿನಲ್ಲೂ ಅವರು ಕೂರುವುದಿಲ್ಲ. ರೊಟ್ಟಿಯನ್ನು ನಿಂತೇ ತಿನ್ನುತ್ತಾರೆ. ಹೀಗಾಗಿ ಅವರ ಬದುಕಿನ ಕತೆ ನನಗೆ ಸಿಕ್ಕಿದ್ದು ತುಂಡು ತುಂಡಾಗಿ.

ಈ ಮನೆಗೆ ಅವರು ಸೊಸೆಯಾಗಿ ಬಂದದ್ದು ಈಗ್ಗೆ ಸುಮಾರು ಇಪ್ಪತ್ತು ವರ್ಷದ ಹಿಂದೆ, ಕನ್ನಡ ರಾಜ್ಯ ಒಂದಾದ ವರ್ಷ. ತವರಿನಲ್ಲೂ ಕುರಿ, ಇಲ್ಲೂ ಕುರಿ. ಹಾಲುಹಲ್ಲು ಬೀಳುವ ವಯಸ್ಸಿಗೇ ಕೈಗೆ ನೂಲುವ ಕದಿರು ಹತ್ತಿತ್ತು. ಆದರೆ ಹೆಂಗಸರು ನೂಲಬೇಕು, ಗಂಡಸರು ನೇಯಬೇಕು ಎಂಬುದು ಓಣಿಯ ಪದ್ಧತಿ. ಗಂಡ ಮಡೆಪ್ಪ ಒಳ್ಳೆಯ ನೇಕಾರ. ಹತ್ತು ಹನ್ನೊಂದು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ಮಂದೆ ಹೊಡೆದುಕೊಂಡು ಗಡಿಯಾಚೆಯ ಉಮರ್ಗಾ ಕಡೆ ಹೋದ. ಮಳೆಗಾಲಕ್ಕೆ ಕುರಿಗಳು ಜೊತೆಗಾರರೊಂದಿಗೆ ಮರಳಿದವು, ಮಡೆಪ್ಪ ಮರಳಲಿಲ್ಲ. ಸಂತೆಗೆ ಉಪ್ಪು ತರಲು ಹೋದವನು ಮತ್ತೆ ಕಾಣಲಿಲ್ಲ ಎಂದಷ್ಟೇ ಜೊತೆಗಾರರು ಹೇಳಿದರು. ಮಡೆಪ್ಪನ ಅಣ್ಣ ಗುಂಡಪ್ಪ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದ. ಕುರಿಗಳು ಗುಂಡಪ್ಪನ ದೊಡ್ಡಿ ಸೇರಿದವು.

ಸತ್ತ ಸುದ್ದಿ ಬಂದಿದ್ದರೆ ಅತ್ತು ಮುಗಿಸಬಹುದಿತ್ತು. ಅದೂ ಬರಲಿಲ್ಲ. ಓಣಿಯಲ್ಲಿ ಅರಿಶಿನ ಕುಂಕುಮ ಹಂಚುವ ಹೆಂಗಸರು ಇವರ ಎದುರು ಬಂದಾಗ, ತಟ್ಟೆ ಚಾಚುವುದೋ ಮುಂದಕ್ಕೆ ಸರಿಯುವುದೋ ತಿಳಿಯದೆ ತಡವರಿಸುತ್ತಿದ್ದರು. ಸುಮನಬಾಯಿ ಹಬ್ಬದ ಮನೆಗಳಿಗೆ ಹೋಗುವುದನ್ನೇ ಬಿಟ್ಟರು. ಹೊಟ್ಟೆಪಾಡಿಗೆ ಊರ ದೊಡ್ಡ ಮನೆಯೊಂದರಲ್ಲಿ ಸಗಣಿ ಬಳಿಯುವ ಕೆಲಸ ಹಿಡಿದರು. ಹಿತ್ತಲ ಬಾಗಿಲಲ್ಲಿ ತಂಗಳು ರೊಟ್ಟಿ ಸಿಗುತ್ತಿತ್ತು. ಒಂದು ದಿನ ಕೆಲಸ ಮುಗಿಸಿ ಹೊರಬಂದಾಗ ಪುಟ್ಟ ಅಮೃತ ಆ ಬಾಗಿಲಲ್ಲಿ, ಯಾರೂ ಕರೆಯದೆ, ತಾನಾಗಿಯೇ ಉಡಿಯೊಡ್ಡಿ ನಿಂತಿದ್ದಳು.

“ನನಗ ಆದದ್ದು ಆಗ್ಲಿ. ಕೂಸಿಗೆ ಬೇಡೋದು ರೂಢಿ ಆಗಾಕತ್ತಿತ್ತಲ್ರಿ.”

ಮರುದಿನ ಅವರು, ಗಂಡ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಕುಣಿಯ ಕಸ ಬಳಿದು ಒಳಗಿಳಿದರು.

ಗುಂಡಪ್ಪ ಬಂದು ತಡೆದ. ಕಂಬಳಿ ದೇವರ ಗದ್ದಿಗೆಗೆ, ಬಾಣಂತಿಗೆ, ಮದುವೆಗೆ ಹಾಸುವ ವಸ್ತು. ಹೆಣ್ಣಿನ ಕಾಲು ಮಗ್ಗಕ್ಕೆ ತಾಗಿದರೆ ಮಂದೆ ಉಳಿಯುವುದಿಲ್ಲ ಎಂಬುದು ಅವನ ನಂಬಿಕೆ. ಎರಡು ಸಲ ಬಾಯಿಮಾತಲ್ಲಿ ಹೇಳಿದ. ಮೂರನೆಯ ಸಲ ಉಣ್ಣೆ ಕತ್ತರಿಸುವ ಕತ್ತರಿಯನ್ನೇ ತಂದು, ಬಿಗಿದಿದ್ದ ಹಾಸನ್ನು ನಡುವೆ ಕತ್ತರಿಸಿ ಹಾಕಿದ. ಓಣಿ ನೋಡುತ್ತ ನಿಂತಿತ್ತು. ಸುಮನಬಾಯಿ ಕುಣಿಯಿಂದ ಮೇಲೇಳಲಿಲ್ಲ. ಒಂದು ಎಳೆ ಎತ್ತಿಕೊಂಡರು, ಅದರ ಜೋಡಿ ಹುಡುಕಿದರು, ಗಂಟು ಹಾಕಿದರು. ಇನ್ನೊಂದು ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಉಣ್ಣೆ ಹಿಂಜುವ ಪಿಂಜಾರ ಮನೆಯ ಅಸ್ಗರಿ ಬಂದು, ಎದುರು ಕೂತು ತಾನೂ ಗಂಟು ಹಾಕತೊಡಗಿದಳು.

“ಸಿಟ್ಟು ಬಂದಿತ್ರಿ, ಬರಲಾರದ್ದೇನು? ಆದ್ರ ಬಯ್ಕೋತ ನಿಂತ್ರ ಗಂಟು ಹಾಕೋರ್ಯಾರು?”

ಆ ಗಂಟುಗಳ ಹಾಸಿನಲ್ಲೇ ನೇದು ಮುಗಿಸಿದ ಕಂಬಳಿಯನ್ನು ತಲೆಯ ಮೇಲಿಟ್ಟುಕೊಂಡು ಹುಮನಾಬಾದಿಗೆ ನಡೆದೇ ಹೋದರು. ಕಂಬಳಿ ವ್ಯಾಪಾರಿ ಸೈಫುದ್ದೀನ್ ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಬೆರಳಾಡಿಸಿದ. ಅಂಗಡಿಯಲ್ಲಿದ್ದ ಗಿರಾಕಿಯೊಬ್ಬ ಕನಿಕರಪಟ್ಟು, ಕಂಬಳಿ ನೀನೇ ಇಟ್ಟುಕೋ ಎಂದು ಚಿಲ್ಲರೆ ಕೊಡಲು ಬಂದ. ಸುಮನಬಾಯಿ ಕೈ ಹಿಂದೆ ಸರಿಸಿದರು. ಆಗ ಸೈಫುದ್ದೀನ್ ಹೇಳಿದ ಮಾತು ಅವರಿಗೆ ಇಂದಿಗೂ ಬಾಯಿಪಾಠ: “ಅಂಚು ಸೊಟ್ಟ ಅದ ತಂಗಿ. ಇದನ್ನ ತಗೊಂಡ್ರ ನಿನಗ ಖೈರಾತ್, ದಾನ ಕೊಟ್ಟಂಗ ಆಗ್ತದ. ಬರೋಬ್ಬರಿ ನೇದು ತಾ, ಮಾಲ್ ಅಂತ ತಗೋತೀನಿ.”

ದಾರಿಯುದ್ದಕ್ಕೂ ಅಳುತ್ತ ಬಂದರಂತೆ. ಊರು ಹತ್ತಿರವಾದಂತೆ ಅಳು ನಿಂತು ಬೇರೇನೋ ಹೊಳೆಯಿತು. ಸೈಫುದ್ದೀನ್ ಬಡವಿ ಎಂದು ಕರುಣೆ ತೋರಿಸಲಿಲ್ಲ, ನೇಕಾರಳೆಂದು ತಪ್ಪು ತೋರಿಸಿದ. ಮಡೆಪ್ಪ ಹೋದ ಮೇಲೆ ಅವರನ್ನು ಯಾರೂ ಹಾಗೆ ನಡೆಸಿಕೊಂಡಿರಲಿಲ್ಲ. ಆ ಸೊಟ್ಟ ಕಂಬಳಿ ತಾಯಿ ಮಗಳ ಹೊದಿಕೆಯಾಯಿತು. ಆಮೇಲಿನದನ್ನೂ ಸೈಫುದ್ದೀನ್ ತಿರುಗಿಸಿ ಕಳಿಸಿದ. ಅದರ ಮುಂದಿನದನ್ನು ಮಡಚಿ ಅಂಗಡಿಯ ಮೇಲಿನ ಸಾಲಿಗೆ ಏರಿಸಿದ.

ಈಗ ಈ ಮನೆಯಲ್ಲಿ ಎರಡು ಕುಣಿಗಳಿವೆ. ಎರಡನೆಯದರಲ್ಲಿ ಕೂರುವಾಕೆ ಮೀರಾಬಾಯಿ, ಗುಂಡಪ್ಪನ ಮಗಳು. ಗಂಡನ ಮನೆಯವರು ಹೊರಗೆ ಹಾಕಿದ ಮೇಲೆ, ಕಂಕುಳ ಕೂಸಿನೊಂದಿಗೆ ತವರಿಗೆ ಬಂದವಳು. ಕಳೆದ ದೀಪಾವಳಿಯ ನಂತರ ಒಂದು ಮುಂಜಾನೆ ಗುಂಡಪ್ಪನೇ ಅವಳನ್ನು ಕರೆತಂದು ಹೊಸ್ತಿಲ ಆಚೆ ನಿಂತ. ಇಕಿಗೂ ಕಲಿಸುತ್ತೀಯಾ ಎಂದು ನೆಲ ನೋಡುತ್ತ ಕೇಳಿದ. ಸುಮನಬಾಯಿ ಹುಡುಗಿಯನ್ನು ಉಂಡಿದ್ದೀಯಾ ಎಂದು ಕೇಳಿ ಒಳಗೆ ಕರೆದುಕೊಂಡರು. ಅಂದಿನಿಂದ ಗುಂಡಪ್ಪ ಉಣ್ಣೆ ತಂದು ಹಾಕಿ ಹೋಗುತ್ತಾನೆ.

ಕ್ಷಮಿಸಿದಿರಾ ಎಂದು ನಾನು ಕೇಳಿದೆ.

“ಅಂವ ಮಾಫಿ ಕೇಳಿಲ್ರಿ, ನಾ ಕೊಟ್ಟೂ ಇಲ್ಲ. ಉಣ್ಣಿ ತರ್ತಾನ, ತಗೋತೀನಿ. ಆ ಹುಡುಗಿದೇನು ತಪ್ಪು?”

ನೆಮ್ಮದಿ ಮಾತ್ರ ಇನ್ನೂ ಈ ಮನೆಗೆ ಬಂದಿಲ್ಲ. ಸೋಲಾಪುರದ ಚಾದರಗಳು ಹುಮನಾಬಾದ್ ಪೇಟೆಯ ತುಂಬ ಬಂದಿವೆ. ಹಗುರ, ಬಣ್ಣ ಬಣ್ಣದವು. ಕಂಬಳಿ ಕೇಳುವವರು ಕಡಿಮೆಯಾಗುತ್ತಿದ್ದಾರೆ ಎಂದು ಸೈಫುದ್ದೀನ್ ಪ್ರತಿ ಸಲ ಹೇಳುತ್ತಾನೆ. ಸುಮನಬಾಯಿ ಅದನ್ನು ಕೇಳಿ ಬಂದ ದಿನ ಇನ್ನಷ್ಟು ಬೇಗ ಬೇಗ ನೇಯುತ್ತಾರಂತೆ. ಹೀಗೆಂದು ದೂರುವವಳು ಅಮೃತ.

ಹಾಸು ಒಣಗಿದೆ. ಅದನ್ನು ಸುತ್ತಿ ಒಳಗೆ ಒಯ್ದು, ಮಗ್ಗಕ್ಕೆ ಬಿಗಿದು, ಸುಮನಬಾಯಿ ಕುಣಿಗಿಳಿಯುತ್ತಾರೆ. ಬೆಳಗಿನಿಂದ ಮೊದಲ ಸಲ ಅವರು ಕೂತದ್ದನ್ನು ನೋಡುತ್ತಿದ್ದೇನೆ. ಬೆಳಗಿನಿಂದ ಕೇಳಲಾಗದೆ ಉಳಿದಿದ್ದ ಪ್ರಶ್ನೆಯನ್ನು ಈಗ ಕೇಳುತ್ತೇನೆ: ನಾಳೆ ಮಡೆಪ್ಪ ಬಂದುಬಿಟ್ಟರೆ?

ಅವರು ಲಾಳಿಯನ್ನು ಎಳೆಗಳ ನಡುವೆ ತೂರಿಸುತ್ತಾರೆ.

“ಬಂದ್ರ ಬರ್ಲಿರಿ. ಕಾಲಿಗೆ ನೀರು ಕೊಡ್ತೀನಿ, ಕುಂದರಾಕ ನಾ ನೇದ ಕಂಬಳಿ ಹಾಸ್ತೀನಿ. ಮಗ್ಗ ಮಾತ್ರ ಬಿಟ್ಟುಕೊಡಂಗಿಲ್ಲ. ಅಂವಗ ನೇಯೋದಿದ್ರ, ಬಾಜೂಕ ಇನ್ನೊಂದು ಕುಣಿ ತೋಡ್ಕೊಳ್ಲಿ.”