ಹಗ್ಗದ ಎರಡು ಸುತ್ತು

ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಮೊದಲ ವರ್ಷಗಳಲ್ಲಿ ದಿನವಿಡೀ ನನ್ನೊಡನೆ ಮಾತಾಡುತ್ತಿದ್ದುದು ಅಕ್ಕಪಕ್ಕದ ಮನೆಗಳ ಮಗ್ಗಗಳೇ. ಕರೆಂಟು ಹೋದಾಗ ಮಾತ್ರ ಅವು ಸುಮ್ಮನಾಗುತ್ತಿದ್ದವು. ಆಗ ಎದುರಿನ ತಗ್ಗಿನಿಂದ ಕಪ್ಪೆಗಳ ದನಿ ಕೇಳುತ್ತಿತ್ತು. ಸ್ಟವ್ ಸಣ್ಣ ಮಾಡಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

"ನಮ್ ಮಗ್ಗ ನಿಂತ್ರೆ ನಿಮ್ಗೆ ಹಬ್ಬ, ಅಲ್ವೇನಕ್ಕಾ?" ಎಂದು ಪಕ್ಕದ ನೇಕಾರರ ಮನೆಯಾಕೆ ನಗುತ್ತಿದ್ದಳು.

ಆ ತಗ್ಗಿನಲ್ಲಿ ಮಳೆನೀರು ನಿಂತ ವರ್ಷ ನಮ್ಮ ಬಾವಿಯ ನೀರೂ ಮೇಲೆ ಬರುತ್ತಿತ್ತು. ಕೊಡ ಮುಳುಗಿದ ಮೇಲೂ ಹಗ್ಗದ ಎರಡು ಸುತ್ತು ನನ್ನ ಕೈಯಲ್ಲೇ ಉಳಿಯುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಕೇಳುವವರಾದರೂ ಯಾರು?

ನಮ್ಮವರು ಲೇಔಟ್ ಮಾಡಿಸುವ ಸಾಹುಕಾರರೊಬ್ಬರ ಬಳಿ ನಕ್ಷೆ ಬರೆಯುತ್ತಿದ್ದರು. ಒಂದು ಭಾನುವಾರ ಮೇಜಿನ ಮೇಲೆ ಹಾಸಿದ ಹಾಳೆಯಲ್ಲಿ ನಮ್ಮ ಎದುರಿನ ಜಾಗವೇ ಇತ್ತು. ಪಾರ್ಕು, ನಡುವೆ ಕಾರಂಜಿ, ಸುತ್ತ ಸಿಮೆಂಟಿನ ಹಾದಿ. ತಗ್ಗು ಇರಲಿಲ್ಲ. ಅವರು ಸ್ನಾನಕ್ಕೆ ಹೋದಾಗ, ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದಂತೆ, ನೀಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೆರೆ ಎಳೆದು ನೀರು ನಿಲ್ಲುವ ಜಾಗ ತುಂಬಿದೆ.

"ಏನೇ ಇದು, ಮಕ್ಕಳಾಟ?"

"ಅಲ್ಲಿ ನೀರು ನಿಲ್ಲತ್ತೆ ರೀ. ನಿಲ್ಲೋಕೆ ಬಿಡಿ. ಬಾವಿಗೂ..."

"ಸಾಹುಕಾರ್ರು ಕೇಳಿರೋದು ಕಾರಂಜಿ, ಕಪ್ಪೆಗುಂಡಿ ಅಲ್ಲ."

ರಬ್ಬರಿನಿಂದ ಉಜ್ಜಿದರು. ನೀಲಿ ಪೂರ್ತಿ ಹೋಗಲಿಲ್ಲ.

ಟ್ರಾಕ್ಟರುಗಳು ವಾರವಿಡೀ ತಗ್ಗಿಗೆ ಮಣ್ಣು ಸುರಿದವು; ಅದರ ಮೇಲೆ ಕಾರಂಜಿ ಎದ್ದಿತು. ಮೊದಲ ದೊಡ್ಡ ಮಳೆಗೆ, ನಿಲ್ಲಲು ಜಾಗವಿಲ್ಲದ ನೀರು ಪಕ್ಕದ ಮನೆಗೆ ನುಗ್ಗಿತು. ನಮ್ಮವರು ಪ್ಯಾಂಟು ಮಡಚಿ ಬಕೆಟಿನಲ್ಲಿ ನೀರು ಎತ್ತಿಹಾಕಿದರು. ಆಕೆ ನೆಂದ ರೇಷ್ಮೆ ನೂಲನ್ನು ಎದೆಗೊತ್ತಿಕೊಂಡು, "ಸಾರ್, ಇದ್ರ ಪ್ಲಾನ್ ಬರ್ದಿದ್ದು ನೀವೇ ಅಲ್ವಾ?" ಎಂದಳು. ಅವರು ಬಕೆಟ್ ಕೆಳಗಿಟ್ಟರು.

ಮನೆಗೆ ಬಂದವರೇ ಒದ್ದೆ ಕೈಯಲ್ಲೇ ಹಳೆಯ ಹಾಳೆ ಬಿಡಿಸಿದರು. "ನಿನ್ನ ನೀಲಿ ಪೆನ್ಸಿಲ್ ಎಲ್ಲಿ?"

ಮಾಸಿದ ಗೆರೆಗಳ ಮೇಲೆಯೇ ಎಳೆಯುತ್ತ ಹೋದರು.

"ನೀರು ಆ ಹೊಂಗೆ ಮರದವರೆಗೂ ಬರತ್ತೆ" ಎಂದೆ. ಅಲ್ಲಿಯವರೆಗೂ ಎಳೆದರು.

ನಮ್ಮ ಬಾವಿಯ ನೀರು ಆ ಮಳೆಗಾಲದಲ್ಲಿ ಏರಲಿಲ್ಲ. ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಿದೆ. ನೇಕಾರರೆಲ್ಲ ಸೇರಿ ಸಾಹುಕಾರರ ಬಾಗಿಲಲ್ಲಿ ಕುಳಿತ ಮೇಲೆ, ಮರುವರ್ಷ ಕಾರಂಜಿ ಒಡೆದು ತಗ್ಗನ್ನು ಮತ್ತೆ ತೋಡಿದರು. ಹೊಸ ಪ್ಲಾನಿಗೆ ಎಲ್ಲರೂ ನಮ್ಮವರನ್ನು ಹೊಗಳಿದರು. ನನಗೂ ಹೆಮ್ಮೆಯೇ.

ಆ ಶ್ರಾವಣದ ಒಂದು ಬೆಳಿಗ್ಗೆ ಕೊಡ ಮುಳುಗಿತು. ಸೇರಿಸಿದ ತುಂಡಷ್ಟೇ ಅಲ್ಲ, ಗಂಟಿನಾಚೆಯ ಹಳೆಯ ಹಗ್ಗದ ಎರಡು ಸುತ್ತೂ ಕೈಯಲ್ಲಿ ಉಳಿದಿದ್ದವು.

"ರೀ, ನೋಡಿ ಇಲ್ಲಿ!" ಎಂದು ತಿರುಗಿದೆ. ಅವರು ಆಗಲೇ ಸೈಕಲ್ ಹತ್ತಿ ಹೋಗಿದ್ದರು. ಎಲ್ಲ ಮನೆಗಳಲ್ಲೂ ಮಗ್ಗ ಓಡುತ್ತಿತ್ತು. ಹಗ್ಗ ಹಿಡಿದುಕೊಂಡೇ, ತಗ್ಗಿನತ್ತ ಕಿವಿಗೊಟ್ಟು, ಕರೆಂಟು ಹೋಗುವುದನ್ನು ಕಾಯುತ್ತ ನಿಂತೆ.