ಷಡ್ಡಕನ ಮಳೆಮರ

ನಗರದ ಮರಗಳ ವಿಭಾಗದಲ್ಲಿ ಅವನನ್ನು ಎಲ್ಲರೂ ಕೊಡತಿಯಣ್ಣ ಎಂದೇ ಕರೆಯುತ್ತಿದ್ದರು. ಪ್ರತಿ ಬೀದಿಮರಕ್ಕೂ ಒಂದು ತಗಡಿನ ನಂಬರು. ಮೂರು ವರ್ಷಕ್ಕೊಮ್ಮೆ ಅವನೋ ಅವನ ಜೊತೆಗಾರನೋ ಹೋಗಿ, ಮರದ ಕೊಡತಿಯಿಂದ ಬುಡವನ್ನು ಸುತ್ತಲೂ ಬಡಿದು, ಕಿವಿಗೊಟ್ಟು, ‘ಇರಲಿ’, ‘ಸವರಿ’ ಅಥವಾ ‘ಕಡಿಯಿರಿ’ ಎಂದು ಬರೆಯಬೇಕು. ಗಟ್ಟಿ ಮರ ಟಕ್ ಎನ್ನುತ್ತದೆ, ಟೊಳ್ಳು ಮರ ಡಬ್ ಎನ್ನುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅವನ ಕಿವಿ ಒಮ್ಮೆಯೂ ತಪ್ಪಿರಲಿಲ್ಲ. ಮನೆಯ ವಿಷಯಕ್ಕೆ ಬಂದರೆ ಮಾತ್ರ ಮನುಷ್ಯ ಹೊಟ್ಟೆಕಿಚ್ಚಿನ ಮೂಟೆ.

ಆ ಕಿಚ್ಚೆಲ್ಲ ಒಬ್ಬನ ಮೇಲೆಯೇ, ನಾದಿನಿಯ ಗಂಡನ ಮೇಲೆ. ಈ ಷಡ್ಡಕ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮೂಲೆಮನೆ, ಮನೆಗೆ ಅಂಟಿಕೊಂಡೇ ಅಂಗಡಿ, ಅಂಗಡಿಯ ಮುಂದೆ ಬೀದಿಯಗಲದ ನೆರಳು ಚೆಲ್ಲುವ ಮಳೆಮರ. ಮರದಡಿ ಬೆಂಚು, ಬೆಂಚಿನ ತುಂಬ ಜನ. ಅತ್ತೆ ಮಾವನಿಗೂ ಸಣ್ಣ ಅಳಿಯನೆಂದರೆ ಪ್ರಾಣ. ಕೊಡತಿಯಣ್ಣನದೋ ಮೂರನೇ ಮಹಡಿಯ ಮನೆ. ಪಡುವಣ ಕಿಟಕಿಯ ಬಿಸಿಲಿಗೆ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ತಂಗಿ ಮನೆಯಲ್ಲಿ ಫ್ಯಾನೇ ಬೇಡವೆಂದು ಹೆಂಡತಿ ಪ್ರತಿ ಬೇಸಿಗೆಯಲ್ಲೂ ಹೇಳುವಳು. ಊರಿನ ಸಾವಿರಾರು ಮರ ನೋಡಿಕೊಳ್ಳುವವನು ತಾನು, ನೆರಳು ಮಾತ್ರ ಅವನಿಗೆ ಎಂದು ಇವನು ಒಳಗೊಳಗೇ ಬೇಯುವನು. ಆ ಮರ ಒಮ್ಮೆ ಬಿದ್ದುಹೋಗಬಾರದೇ ಎಂದು ಎಷ್ಟು ಸಲ ಅಂದುಕೊಂಡಿದ್ದನೋ.

ಆ ಬೀದಿಯನ್ನು ಯಾವಾಗಲೂ ಜೊತೆಗಾರನ ತಲೆಗೆ ಕಟ್ಟಿ ತಪ್ಪಿಸಿಕೊಳ್ಳುತ್ತಿದ್ದ. ಈ ವರ್ಷ ಜೊತೆಗಾರ ನಿವೃತ್ತನಾದ, ಬೀದಿ ಇವನ ಪಾಲಿಗೆ ಬಂತು. ಒಂದು ಮಧ್ಯಾಹ್ನ, ಅಂಗಡಿಗೆ ಬಾಗಿಲು ಹಾಕಿದ್ದ ಹೊತ್ತು ನೋಡಿ ಹೋದ. ಮನೆಯ ಕಡೆಗೆ ಟಕ್ ಟಕ್. ರಸ್ತೆಯ ಕಡೆಗೆ, ಬೆಂಚಿರುವ ಮಗ್ಗುಲಲ್ಲಿ, ಮೊಣಕಾಲೆತ್ತರದಲ್ಲಿ, ಡಬ್.

ಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ನಾಚಿಕೆಯಾಯಿತು. ಬಯಸಿ ಬಯಸಿ ಕಿವಿಯೂ ಹೊಟ್ಟೆಯ ಮಾತು ಕೇಳುತ್ತಿದೆಯೇ? ಮೂರು ಸುತ್ತು ಬಡಿದ. ನಂಬಿಕೆ ಬರದೆ ತೆಳ್ಳನೆಯ ಕಬ್ಬಿಣದ ಸಲಾಕೆಯನ್ನು ಅಲ್ಲಿದ್ದ ತೊಗಟೆಯ ಬಿರುಕಿಗೆ ತೂರಿಸಿದ. ಅದು ಮೊಳದುದ್ದ ಸಲೀಸಾಗಿ ಒಳಗೆ ಹೋಯಿತು. ಮಳೆಗಾಲದ ಗಾಳಿಗೆ ಈ ಮರ ನಿಲ್ಲುವುದಿಲ್ಲ. ಬಿದ್ದರೆ ಬೆಂಚಿನ ಮೇಲೇ ಬೀಳುತ್ತದೆ.

ಬರೆಯಲು ಮಾತ್ರ ಕೈ ಏಳಲಿಲ್ಲ. ನಿಜ ಬರೆದರೂ ನಂಬುವವರು ಯಾರು? ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. ಅವಳು ಅವನ ಮುಖವನ್ನೇ ನೋಡಿದಳು.

“ಅಂತೂ ಕೊನೆಗೆ ಆ ಮರದ ಮೇಲೂ ಕಣ್ಣು ಹಾಕಿದ್ರಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಸಲಾಕೆಯ ವಿಷಯವನ್ನು ಎರಡೆರಡು ಸಲ ಹೇಳಿದ. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಮರುದಿನ ಬೆಳಿಗ್ಗೆ ಕೊಡತಿ, ಸಲಾಕೆ ಎರಡನ್ನೂ ಹಿಡಿದು ಷಡ್ಡಕನ ಅಂಗಡಿಗೆ ಹೋದ. ದಾರಿಯುದ್ದಕ್ಕೂ ವಾದ ಕಟ್ಟಿಕೊಂಡಿದ್ದ. ಅವನು ರೇಗಿದರೆ ಇದು, ಮೇಲಿನವರಿಗೆ ದೂರು ಕೊಡುತ್ತೇನೆಂದರೆ ಅದು. ಮರ ಟೊಳ್ಳಾಗಿದೆ, ಕಡಿಸಬೇಕು ಎಂದು ಒಂದೇ ಉಸಿರಿಗೆ ಹೇಳಿ, ನೀನೇ ಬಡಿದು ನೋಡು ಎಂದು ಕೊಡತಿಯನ್ನು ಚಾಚಿದ.

ಷಡ್ಡಕ ಹೊರಗೆ ಬಂದು ಮರವನ್ನು ತುದಿಯವರೆಗೆ ನೋಡಿದ. ಅವನ ಕಣ್ಣು ತುಂಬಿತು. ಕೊಡತಿಯನ್ನು ಮುಟ್ಟಲಿಲ್ಲ.

“ನಾನೇನು ನೋಡೋದು ಅಣ್ಣ? ನೀವು ನೋಡಿದೀರಲ್ಲ. ಮರದ ವಿಷಯದಲ್ಲಿ ನೀವು ಸುಳ್ಳು ಹೇಳ್ತೀರಾ?”

ಅಷ್ಟೇ. ಬೆಂಚನ್ನು ಒಬ್ಬನೇ ಎಳೆದು ಒಳಗಿಟ್ಟು, ಜನ ಕೂರದಂತೆ ಮರದ ಸುತ್ತ ಹಗ್ಗ ಕಟ್ಟತೊಡಗಿದ.

ಕೊಡತಿಯಣ್ಣ ಅಂಗಡಿಯ ಕಟ್ಟೆಯ ಮೇಲೆ ಕೂತು ಆ ಮರದ ನಂಬರಿನ ಮುಂದೆ ‘ಕಡಿಯಿರಿ’ ಎಂದು ಬರೆದ. ತನ್ನ ಬಾಗಿಲಲ್ಲೂ ಒಂದು ಮರವಿದ್ದು, ಅದನ್ನು ಕಡಿಸಬೇಕೆಂದು ಯಾರಾದರೂ ಹೀಗೆ ಹೇಳಿದ್ದರೆ, ಅದರಲ್ಲೂ ಈ ಷಡ್ಡಕನೇ ಹೇಳಿದ್ದರೆ, ತಾನು ಇನ್ನೂ ನಾಲ್ಕು ಜನರನ್ನು ಕರೆಸಿ ಬಡಿಸಿ ನೋಡದೆ ಬಿಡುತ್ತಿದ್ದನೇ? ಹೀಗೆ ಒಂದೇ ಮಾತಿಗೆ ನಂಬುವ ಮನಸ್ಸು ಇವನಿಗೆ ಎಲ್ಲಿಂದ ಬಂತು? ಇನ್ನು ಹತ್ತು ದಿನಕ್ಕೆ ಆ ನೆರಳು ಇರುವುದಿಲ್ಲ. ಆದರೂ ಮನೆಗೆ ಹೋಗುವ ದಾರಿಯಲ್ಲಿ ಅವನ ಹೊಟ್ಟೆ ಎಂದೂ ಉರಿಯದಷ್ಟು ಉರಿಯುತ್ತಿತ್ತು.